ಒತ್ತರಿಸಿದನೋ, ಸಾಲು ತಪ್ಪಿದನೋ? ಸೈಕಲ್ ಸ್ಪ್ರಿಂಟಿಗೆ ಒಂದು ಪದ ಬೇಕಿದೆ

ಗೆಳೆಯರೇ, ನಮಸ್ಕಾರ.

ಹಾಸನದಲ್ಲಿ ನಾವು ಏಳೆಂಟು ಜನ ಭಾನುವಾರ ಬೆಳಿಗ್ಗೆ ಸೈಕಲ್ ತುಳಿಯುತ್ತೇವೆ. ಆ ಗುಂಪಿಗೆಂದು ರೇಸಿನ ನಿಯಮಗಳನ್ನು ಕನ್ನಡದಲ್ಲಿ ಬರೆಯಲು ಕೂತೆ. ಸ್ಪ್ರಿಂಟ್, ಅಂದರೆ ರೇಸಿನ ಕೊನೆಯಲ್ಲಿ ಎಲ್ಲರೂ ಜೋರಾಗಿ ಗೆರೆಯತ್ತ ನುಗ್ಗುವುದು, ಅದರ ಹತ್ತಿರ ಬಂದು ಸಿಕ್ಕಿಹಾಕಿಕೊಂಡೆ. ಸ್ಪ್ರಿಂಟ್ ಅನ್ನೋ ಪದದ ಮೇಲೆ ತಕರಾರಿಲ್ಲ, ಅದು ಹಾಗೇ ಇರಲಿ. ಕೊನೆಯ ಇನ್ನೂರು ಮುನ್ನೂರು ಮೀಟರಿನಲ್ಲಿ, ಗಂಟೆಗೆ 70 ಕಿ.ಮೀ. ವೇಗದಲ್ಲಿ, ಒಬ್ಬ ತಾನು ಹಿಡಿದ ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತಾನೆ. ಪಕ್ಕದವನಿಗೆ ಬ್ಯಾರಿಕೇಡ್ ಬಿಟ್ಟರೆ ಜಾಗವೇ ಇರುವುದಿಲ್ಲ. ಈ ಕೆಲಸಕ್ಕೆ ಏನನ್ನೋಣ?

ಮೊದಲು ‘ಪಥ ಬದಲಾವಣೆ’ ಅಂತ ಬರೆದೆ. ಹೆದ್ದಾರಿ ಬೋರ್ಡಿನ ಹಾಗೆ ಕಾಣಿಸಿತು, ಹೊಡೆದು ಹಾಕಿದೆ. ‘ಅಡ್ಡ ಬರುವುದು’ ಪರವಾಗಿಲ್ಲ, ಆದರೆ ದನವೂ ಅಡ್ಡ ಬರುತ್ತದೆ, ಅಲ್ವಾ?

ಪದ ಸಿಕ್ಕಿದ್ದು ದೊಡ್ಡಪ್ಪನ ಬಾಯಲ್ಲಿ. ಅವರು ಅರಸೀಕೆರೆ ಕಡೆ ರಾಗಿ ಬೆಳೆದವರು. 2020ರ ಆಗಸ್ಟಿನಲ್ಲಿ ಪೋಲೆಂಡಿನ ಕಟೊವಿಟ್ಸೆ ಊರಲ್ಲಿ ಆದ ಅಪಘಾತದ ವಿಡಿಯೋ ತೋರಿಸಿದೆ. ಇಳಿಜಾರಿನಲ್ಲಿ ಡೈಲನ್ ಗ್ರೂನೆವೆಗೆನ್ ಪಕ್ಕಕ್ಕೆ ಸರಿದರು. ಫಾಬಿಯೊ ಯಾಕೊಬ್ಸೆನ್ ಬ್ಯಾರಿಕೇಡ್ ಮುರಿದುಕೊಂಡು ಆಚೆ ಬಿದ್ದರು. ದೊಡ್ಡಪ್ಪ ತಟ್ಟನೆ, ‘ಬದ ಒತ್ತೋ ಹಂಗೆ ಒತ್ತಿದ್ನಲ್ಲೋ!’ ಅಂದರು.

ಬದು ಒತ್ತುವುದು ಗೊತ್ತಲ್ಲ. ಪ್ರತಿ ಉಳುಮೆಗೂ ನೇಗಿಲು ಒಂದು ಗೇಣು ಪಕ್ಕದವರ ಹೊಲಕ್ಕೆ ಹೋಗುವುದು. ಒತ್ತು, ಒತ್ತರಿಸು, ಒತ್ತುವರಿ. ಮಲೆನಾಡಿನ ಕಾಫಿ ತೋಟಗಳ ಕಡೆ ಕೊನೆಯ ಪದ ಕೇಳಿದರೆ ಇಂದಿಗೂ ಜನ ತಿರುಗಿ ನೋಡುತ್ತಾರೆ. ‘ಒತ್ತರಿಸಿದ’ ಅಂದರೆ ಸ್ಪ್ರಿಂಟಿನ ಚಿತ್ರ ಪೂರ್ತಿ ಕಣ್ಣಿಗೆ ಬರುತ್ತದೆ. ಇದೇ ಪದ ಅಂತ ಖುಷಿಪಟ್ಟೆ.

ಖುಷಿ ಎರಡು ದಿನ ಇತ್ತು. ಯಾರೂ ಗೊತ್ತಿಲ್ಲದೆ ಒತ್ತುವರಿ ಮಾಡುವುದಿಲ್ಲ. ಆ ಪದದೊಳಗೇ ದುರಾಸೆ ಕೂತಿದೆ. 2017ರ ಟೂರ್ ಡಿ ಫ್ರಾನ್ಸ್ ತೆಗೆದುಕೊಳ್ಳಿ, ದಿನಕ್ಕೊಂದು ಹಂತದಂತೆ ವಾರಗಟ್ಟಲೆ ನಡೆಯುವ ಫ್ರಾನ್ಸಿನ ರೇಸು. ವಿಟೆಲ್‌ನಲ್ಲಿ ಮುಗಿದ ನಾಲ್ಕನೇ ಹಂತದಲ್ಲಿ ಮಾರ್ಕ್ ಕ್ಯಾವೆಂಡಿಶ್ ಬ್ಯಾರಿಕೇಡಿಗೆ ಬಿದ್ದು ಹೆಗಲ ಮೂಳೆ ಮುರಿಯಿತು. ತಪ್ಪು ಪಕ್ಕದಲ್ಲಿದ್ದ ಪೀಟರ್ ಸಗಾನ್ ಅವರದು ಅಂತ ಅವರನ್ನು ರೇಸಿನಿಂದಲೇ ಮನೆಗೆ ಕಳಿಸಿದರು. ಅದೇ ಡಿಸೆಂಬರಿನಲ್ಲಿ ರಾಜಿಯಾಯಿತು. ಬೇಕೆಂದೇ ಮಾಡಿದ್ದಲ್ಲ ಅಂತ ಸೈಕ್ಲಿಂಗ್ ಒಕ್ಕೂಟವೇ ಒಪ್ಪಿತು. ನಾನು ‘ಸಗಾನ್ ಒತ್ತರಿಸಿದರು’ ಅಂತ ಬರೆದರೆ ತೀರ್ಪು ನಾನೇ ಕೊಟ್ಟ ಹಾಗಾಗುತ್ತದೆ.

ನಿಯಮವೂ ಮನಸ್ಸಿನಲ್ಲಿ ಏನಿತ್ತು ಅಂತ ಕೇಳುವುದಿಲ್ಲ. ಹಿಡಿದ ದಾರಿ ಬಿಟ್ಟು ಬೇರೆಯವರಿಗೆ ಅಪಾಯ ತಂದೆಯಾ ಅಂತ ಕೇಳುತ್ತದೆ, ಅಷ್ಟೇ. ಗ್ರೂನೆವೆಗೆನ್ ಒಪ್ಪಿಕೊಂಡದ್ದೂ ಅಷ್ಟನ್ನೇ. ಒಂಬತ್ತು ತಿಂಗಳು ನಿಷೇಧ ಬಿತ್ತು. ಹಾಗಾಗಿ ಈಗ ‘ಸಾಲು ತಪ್ಪು’ ಕಡೆ ವಾಲಿದ್ದೇನೆ. ಅದೂ ಉಳುಮೆಯ ಮಾತೇ. ಎತ್ತು ಬೆದರಿದರೂ ಸಾಲು ತಪ್ಪುತ್ತದೆ, ಉಳುವವನು ಮೈಮರೆತರೂ ತಪ್ಪುತ್ತದೆ. ಆದರೆ ಕಾವು ಕಮ್ಮಿ. ಬ್ಯಾರಿಕೇಡಿಗೆ ಬಿದ್ದವನ ನೋವು ಅದರಲ್ಲಿ ಕೇಳಿಸುವುದಿಲ್ಲ.

ತಲೆಯಿಂದ ಗುದ್ದುವುದಕ್ಕೆ ಮಾತ್ರ ಚಿಂತೆಯೇ ಇರಲಿಲ್ಲ. 2010ರ ಟೂರ್‌ನಲ್ಲಿ ಮಾರ್ಕ್ ರೆನ್‌ಶಾ ಪಕ್ಕದ ಜೂಲಿಯನ್ ಡೀನ್ ಅವರಿಗೆ ಡಿಚ್ಚಿ ಕೊಟ್ಟರು, ರೇಸಿನಿಂದ ಹೊರಬಿದ್ದರು. ಟಗರು ಕಂಡ ಜನಕ್ಕೆ ಇದಕ್ಕಿಂತ ಒಳ್ಳೆ ಪದ ಇನ್ನೆಲ್ಲಿ?

ಇನ್ನೊಂದು ಗಂಟು ಶಿಕ್ಷೆಯದು. ಸಣ್ಣ ತಪ್ಪಿಗೆ ಹೊರಗೆ ಹಾಕುವುದಿಲ್ಲ, ಆ ದಿನ ಜೊತೆಗೆ ಬಂದ ಗುಂಪಿನ ಕೊನೆಗೆ ಇಳಿಸುತ್ತಾರೆ. 2024ರ ಟೂರ್‌ನಲ್ಲಿ, ದಿಜಾನ್‌ನಲ್ಲಿ ಮುಗಿದ ಹಂತದಲ್ಲಿ ಯಾಸ್ಪರ್ ಫಿಲಿಪ್ಸೆನ್ ಎರಡನೆಯವರಾಗಿ ಬಂದಿದ್ದರು. ವಾಟ್ ವಾನ್ ಆರ್ಟ್ ಅವರ ದಾರಿ ಮುಚ್ಚಿದರು ಅಂತ ಹಾಗೆ ಇಳಿಸಿದರು. ‘ಹಿಂಬಡ್ತಿ’ ಅನ್ನಬಹುದು, ಆದರೆ ಕಡತದ ವಾಸನೆ ಜಾಸ್ತಿ. ನಮ್ಮ ಗುಂಪಿನಲ್ಲಿ ಸುಮ್ನೆ ‘ಕೊನೇ ಪಂಕ್ತಿಗೆ ಹಾಕಿದ್ರು’ ಅಂತೀವಿ. ಬರವಣಿಗೆಗೆ ಒಗ್ಗುತ್ತದಾ?

ನಿಮ್ಮ ಕಡೆ ಬೇರೆ ಮಾತಿದ್ದರೆ ತಿಳಿಸಿ. ಒತ್ತರಿಸುವುದರಷ್ಟು ಗಟ್ಟಿಯಾಗಿರಬೇಕು, ಆದರೆ ಬೇಕೆಂದೇ ಮಾಡಿದ ಅನ್ನೋ ಆರೋಪ ಅದರಲ್ಲಿ ಇರಬಾರದು. ಘಾಟಿಯಲ್ಲಿ ಬಸ್ಸು ಬೈಕಿನವನನ್ನು ಚರಂಡಿ ಪಕ್ಕಕ್ಕೆ ತಂದಾಗ ಚಿಕ್ಕಮಗಳೂರಿನವರು ಏನನ್ನುತ್ತೀರಿ? ಬೈಗುಳ ಬಿಟ್ಟು.