ಅಪ್‌ಡೇಟ್: ಬೀದರ್‌ನಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು?

ಅವ್ವನನ್ನು ಬೀದರ್‌ನಿಂದ ಬೆಂಗಳೂರಿಗೆ ವಿಮಾನದಲ್ಲಿ ಕರೆದುಕೊಂಡು ಹೋಗಬೇಕು, ಎಷ್ಟು ದೂರ, ಎಷ್ಟು ಹೊತ್ತು ಅಂತ ಕೇಳಿದ್ದೆ. ಹೋಗಿ ಬಂದೆವು.

ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಹಾಕಿ ನೋಡಿ ಅಂದವರ ಲೆಕ್ಕವೇ ಸರಿ. ನೇರ ದೂರ ಸುಮಾರು 520 ಕಿ.ಮೀ. ರಸ್ತೆ ದೂರವನ್ನು ವಿಮಾನದ ವೇಗದಿಂದ ಭಾಗಿಸಿ ಅನ್ನೋ ಸಲಹೆ ಕೆಲಸಕ್ಕೆ ಬರಲಿಲ್ಲ. ಏರುವಾಗ, ಇಳಿಯುವಾಗ ವಿಮಾನ ಪೂರ್ತಿ ವೇಗದಲ್ಲಿ ಇರಲ್ಲ ಅಲ್ವಾ? ಆಕಾಶದಲ್ಲಿ ಇದ್ದದ್ದು ಹೆಚ್ಚುಕಡಿಮೆ ಒಂದು ಗಂಟೆ. ಟಿಕೆಟ್‌ನಲ್ಲಿ ಅದಕ್ಕಿಂತ ಜಾಸ್ತಿ ತೋರಿಸುತ್ತದೆ, ಯಾಕಂದರೆ ನೆಲದ ಮೇಲೆ ಓಡುವ ಸಮಯವೂ ಅದರಲ್ಲಿ ಸೇರಿರುತ್ತದೆ.

ನನಗೆ ಆಶ್ಚರ್ಯವಾಗಿದ್ದು, ಬೀದರ್‌ನ ರನ್‌ವೇ ವಾಯುಪಡೆಯದು. 2020ರಲ್ಲಿ ಅಲ್ಲಿಂದ ನಾಗರಿಕ ವಿಮಾನ ಶುರುವಾಯಿತು. ಹಾಗಾಗಿ ಅಲ್ಲಿ ಫೋಟೊ ತೆಗೆಯಲು ಹೋಗಬೇಡಿ. ವಯಸ್ಸಾದವರು ಜೊತೆಗಿದ್ದರೆ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿಬಿಡಿ.