ಅಜ್ಜನ ಕಾಲದ ಫೋಟೋ ಸರಿಮಾಡೋಕೆ ಯಾವ ಉಚಿತ ಸಾಫ್ಟ್‌ವೇರ್ ಹಾಕಲಿ?

ತುಂಗೆಯ ದಡ:
ಮುಂದಿನ ತಿಂಗಳು ಅಪ್ಪನ ಅರವತ್ತರ ಶಾಂತಿ. ಅಟ್ಟದ ಟ್ರಂಕಿನಲ್ಲಿ ಅಜ್ಜ-ಅಜ್ಜಿಯ ಮದುವೆ ಫೋಟೋ ಸಿಕ್ಕಿತು. ಕಪ್ಪು ಬಿಳುಪು, ಅಂಚೆಲ್ಲ ಹಳದಿ, ಅಜ್ಜಿಯ ಕೆನ್ನೆ ಮೇಲೇ ಒಂದು ಮಡಿಕೆ ಗೆರೆ. ಅದನ್ನು ಸರಿಮಾಡಿ ಆಹ್ವಾನಪತ್ರಿಕೆಗೆ ಹಾಕಬೇಕು, ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಬೇಕು. ಮನೆಯಲ್ಲಿರುವುದು ಹಳೇ ಡೆಸ್ಕ್‌ಟಾಪ್, 4 ಜಿಬಿ ರ‍್ಯಾಮ್, ವಿಂಡೋಸ್ 10. ಹಿಂದೆ ಪರಿಚಯದವರೊಬ್ಬರು ದುಡ್ಡಿನ ಸಾಫ್ಟ್‌ವೇರ್ ಒಂದರ ಕ್ರ್ಯಾಕ್ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿಕೊಟ್ಟರು, ಜೊತೆಗೆ ವೈರಸ್ಸೂ ಬಂತು, ಕೊನೆಗೆ ಫಾರ್ಮ್ಯಾಟ್ ಮಾಡಿಸಿ ಮಗಳ ನಾಮಕರಣದ ಫೋಟೋ ಎಲ್ಲ ಕಳೆದುಕೊಂಡೆ. ಆ ದಾರಿ ಬೇಡ. ಏನು ಹಾಕಲಿ?

ಪಿಕ್ಸೆಲ್ ಪುಟ್ಟ:
ಪೇಂಟ್ ಡಾಟ್ ನೆಟ್ ಹಾಕಿ. ಹಗುರ, ಅರ್ಧ ಗಂಟೆಯಲ್ಲಿ ಕಲಿಯಬಹುದು. ಇನ್‌ಸ್ಟಾಲ್ ಮಾಡೋದೇ ಬೇಡ ಅಂದರೆ ಬ್ರೌಸರಿನಲ್ಲಿ ಫೋಟೋಪಿಯಾ ಇದೆ, ಫೋಟೋ ಎಲ್ಲಿಗೂ ಅಪ್‌ಲೋಡ್ ಆಗೋದಿಲ್ಲ, ನಿಮ್ಮ ಕಂಪ್ಯೂಟರಿನಲ್ಲೇ ಕೆಲಸ ನಡೆಯುತ್ತದೆ.

ಹಳೇ ನೆಗೆಟಿವ್:
ಪುಟ್ಟ, ಫೋಟೋ ಚಿಕ್ಕದು ಮಾಡೋಕೆ, ಕತ್ತರಿಸೋಕೆ ಪೇಂಟ್ ಡಾಟ್ ನೆಟ್ ಚೆನ್ನಾಗಿದೆ, ನಾನೂ ಬಳಸುತ್ತೇನೆ. ಆದರೆ ಅದರಲ್ಲಿ ಅಕ್ಷರ ಬರೆದು ಮುಗಿಸಿದ ಮೇಲೆ ಅದು ಬರೀ ಚಿತ್ರ ಆಗಿಬಿಡುತ್ತದೆ, ಕಾಗುಣಿತ ತಪ್ಪಿದ್ದರೆ ಮತ್ತೆ ಮೊದಲಿಂದ ಬರೀಬೇಕು. ಆಹ್ವಾನಪತ್ರಿಕೆ ಅಂದಮೇಲೆ ಮನೆಯಲ್ಲಿ ಹತ್ತು ಜನ ಹತ್ತು ತಿದ್ದುಪಡಿ ಹೇಳ್ತಾರೆ ಅಲ್ವಾ? ಹಾಗಾಗಿ ಗಿಂಪ್ ಹಾಕಿ, ಅದರಲ್ಲಿ ಅಕ್ಷರ ಆಮೇಲೂ ತಿದ್ದಬಹುದು. 1996ರಿಂದ ಇದೆ, ಪೂರ್ತಿ ಉಚಿತ. ಡೌನ್‌ಲೋಡ್ ಮಾತ್ರ ಗಿಂಪ್ ಡಾಟ್ ಆರ್ಗ್‌ನಿಂದಲೇ ಮಾಡಿ. ಮೊದಲ ದಿನ ಕಾಕ್‌ಪಿಟ್‌ನಲ್ಲಿ ಕೂತ ಹಾಗೆ ಅನಿಸುತ್ತದೆ, ಹೆದರಬೇಡಿ, ನಿಮಗೆ ಬೇಕಿರುವುದು ನಾಲ್ಕೇ ಟೂಲ್.

ಮೊದಲು ಸ್ಕ್ಯಾನ್. ಮೊಬೈಲಿನಲ್ಲಿ ಫೋಟೋದ ಫೋಟೋ ತೆಗೆಯಬೇಡಿ, ಹೊಳಪು ಬೀಳುತ್ತದೆ. 600 ಡಿಪಿಐನಲ್ಲಿ (ಅಂದರೆ ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿ, 6x4 ಇಂಚಿನ ಫೋಟೋ ಆದರೆ 3600x2400 ಪಿಕ್ಸೆಲ್ ಬರುತ್ತದೆ, ನಿಮ್ಮ 4 ಜಿಬಿ ಅಷ್ಟನ್ನು ತಡೆದುಕೊಳ್ಳುತ್ತದೆ. ಕಪ್ಪು ಬಿಳುಪೇ ಆದರೂ ಕಲರ್‌ನಲ್ಲೇ ಸ್ಕ್ಯಾನ್ ಆಗಲಿ. ಯಾಕೆ ಅಂದರೆ ಕಲರ್ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಬಣ್ಣದ ಭಾಗ ಇರುತ್ತದೆ, ಅವೇ ಚಾನೆಲ್. ಹಳದಿ ಕಲೆ ನೀಲಿ ಚಾನೆಲ್‌ನಲ್ಲಿ ಎದ್ದು ಕಾಣುತ್ತದೆ, ಕೆಂಪು ಚಾನೆಲ್‌ನಲ್ಲಿ ಬಹುಪಾಲು ಮಾಯ. ಕಲರ್ಸ್ ಮೆನುವಿನ ಮೋನೋ ಮಿಕ್ಸರ್‌ನಲ್ಲಿ ಕೆಂಪು 1, ಉಳಿದೆರಡು 0 ಇಟ್ಟು ನೋಡಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಆಮೇಲೆ ಲೆವೆಲ್ಸ್‌ನಲ್ಲಿ ಎರಡೂ ತುದಿಯ ತ್ರಿಕೋನಗಳನ್ನು ಒಳಗೆ ಎಳೆಯಿರಿ, ಮಂಕಾದ ಚಿತ್ರಕ್ಕೆ ಜೀವ ಬರುತ್ತದೆ.

ಮಡಿಕೆ ಗೆರೆಗೆ ಹೀಲ್ ಟೂಲ್, ಒಳ್ಳೇ ಜಾಗದ ನಕಲನ್ನು ತಂದು ಸುತ್ತಲಿನ ಬಣ್ಣಕ್ಕೆ ಬೆರೆಸುತ್ತದೆ. ಮೊದಲು ಲೇಯರ್‌ನ (ಚಿತ್ರದ ಪದರದ) ನಕಲು ಮಾಡಿಕೊಳ್ಳಿ. ಕಂಟ್ರೋಲ್ ಒತ್ತಿ ಕೆನ್ನೆಯ ಒಳ್ಳೇ ಜಾಗದ ಮೇಲೆ ಕ್ಲಿಕ್, ಆಮೇಲೆ ಗೆರೆ ಮೇಲೆ ಸಣ್ಣ ಸಣ್ಣದಾಗಿ ಒತ್ತುತ್ತಾ ಹೋಗಿ, ಉದ್ದಕ್ಕೆ ಎಳೆಯಬೇಡಿ. ಕಣ್ಣು, ಸೀರೆ ಅಂಚು, ಒಡವೆ ಹತ್ತಿರ ಬಂದಾಗ ಹೀಲ್ ಬಿಟ್ಟು, ಬೆರೆಸದೆ ಹಾಗೇ ನಕಲು ಮಾಡುವ ಕ್ಲೋನ್ ಹಿಡಿಯಿರಿ, ಇಲ್ಲದಿದ್ದರೆ ಪಕ್ಕದ ಕಪ್ಪು ಬಣ್ಣ ಚರ್ಮದೊಳಗೆ ಹರಡಿಬಿಡುತ್ತದೆ. ನಾನು ನಮ್ಮ ಅತ್ತೆಯ ನತ್ತನ್ನೇ ಹೀಗೆ ಒರೆಸಿಹಾಕಿದ್ದೆ, ಅವರು ಫೋಟೋ ನೋಡಿ ಮೊದಲು ಕೇಳಿದ್ದೇ ಅದನ್ನು.

ಒತ್ತಕ್ಷರ:
ಕನ್ನಡದ ಬಗ್ಗೆ ಒಂದು ಮಾತು. ಗಿಂಪ್‌ನಲ್ಲಿ ಒತ್ತಕ್ಷರ ಒಡೆಯೋದಿಲ್ಲ, ಆದರೆ ಯುನಿಕೋಡ್‌ನಲ್ಲೇ (ಈಗಿನ ಮೊಬೈಲ್, ಕಂಪ್ಯೂಟರುಗಳ ಸಾಮಾನ್ಯ ಅಕ್ಷರ ಪದ್ಧತಿ) ಟೈಪ್ ಮಾಡಿರಬೇಕು. ಹಳೇ ನುಡಿ ಫಾಂಟಿನಲ್ಲಿ ಬರೆದಿಟ್ಟ ಮ್ಯಾಟರ್ ತಂದು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ. ಅದು ಗಿಂಪ್ ತಪ್ಪಲ್ಲ, ಮೊದಲು ಕನ್ವರ್ಟ್ ಮಾಡಿಕೊಳ್ಳಿ. ಫಾಂಟಿಗೆ ನೋಟೊ ಸೆರಿಫ್ ಕನ್ನಡ ನೋಡಿ, ಸ್ವಲ್ಪ ದುಂಡಗೆ ಬೇಕಿದ್ದರೆ ಬಾಲೂ ತಮ್ಮ. ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಫಾಂಟ್ ಹಾಕಿದ ಮೇಲೆ ಗಿಂಪ್ ಮುಚ್ಚಿ ತೆರೆಯಿರಿ.

ತುಂಗೆಯ ದಡ:
ಮೂರು ರಾತ್ರಿ ಕೂತೆ. ಗೆರೆ ಹೋಯಿತು, ನತ್ತು ಉಳಿಯಿತು! ಕೆಂಪು ಚಾನೆಲ್ ಉಪಾಯಕ್ಕೆ ನಿಜಕ್ಕೂ ಥ್ಯಾಂಕ್ಸ್, ಹಳದಿ ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಆದರೆ ಸೇವ್ ಮಾಡಿ ಪ್ರೆಸ್‌ಗೆ ಕಳಿಸಿದರೆ ಫೈಲೇ ತೆರೆಯುತ್ತಿಲ್ಲ ಅಂತಾರೆ. ಹೆಸರಿನ ಕೊನೆಯಲ್ಲಿ ಎಕ್ಸ್‌ಸಿಎಫ್ ಅಂತಿದೆ.

ಹಳೇ ನೆಗೆಟಿವ್:
ಎಲ್ಲರೂ ಒಮ್ಮೆ ಇಲ್ಲಿ ಎಡವುತ್ತಾರೆ. ಸೇವ್ ಅಂದರೆ ಗಿಂಪ್‌ನ ಸ್ವಂತ ಫೈಲ್, ಲೇಯರ್ ಸಮೇತ. ಹೊರಗೆ ಕೊಡೋಕೆ ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಆ್ಯಸ್, ಜೆಪೆಗ್, ಕ್ವಾಲಿಟಿ 95 ಸಾಕು. 5x7 ಇಂಚಿನ ಕಾರ್ಡಿಗೆ 300 ಡಿಪಿಐ ಲೆಕ್ಕದಲ್ಲಿ 1500x2100 ಪಿಕ್ಸೆಲ್ ಬೇಕು. ಎಕ್ಸ್‌ಸಿಎಫ್ ಡಿಲೀಟ್ ಮಾಡಬೇಡಿ.

ಪಿಕ್ಸೆಲ್ ಪುಟ್ಟ:
ವಾಟ್ಸ್‌ಆ್ಯಪ್‌ನಲ್ಲಿ ಕಳಿಸೋದಾದರೆ ಫೋಟೋ ಅಂತ ಕಳಿಸಬೇಡಿ, ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ.

ತುಂಗೆಯ ದಡ:
ಹಾಗೇ ಕಳಿಸಿದೆ, ಪ್ರೂಫ್ ಬಂತು. ಷಷ್ಟ್ಯಬ್ದಿಯ ಒತ್ತು ಸರಿಯಾಗಿಯೇ ಕೂತಿದೆ. ಚಿಕ್ಕಪ್ಪ ನೋಡಿ, ವಾರ ತಪ್ಪಾಗಿದೆ ಮಾರಾಯ, ಅವತ್ತು ಬುಧವಾರ ಅಲ್ಲ, ಗುರುವಾರ ಅಂದರು. ಎಕ್ಸ್‌ಸಿಎಫ್ ತೆರೆದು ಎರಡು ನಿಮಿಷದಲ್ಲಿ ತಿದ್ದಿ ಮತ್ತೆ ಕಳಿಸಿದೆ.