ರಿಜಿಸ್ಟರ್ ಮ್ಯಾಪ್‌ನ ವೆರಿಲಾಗ್ ಕೋಡನ್ನು ಸ್ಕ್ರಿಪ್ಟ್‌ನಿಂದ ಬರೆಸಬೇಕು, ಅನುಭವ ಇರುವವರು ಹೇಳಿ

ಪ್ರಶ್ನೆ: ಐಸ್40 ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಬಹುದಾದ ಚಿಪ್) ಮೇಲೆ ಓಪನ್ ಸೋರ್ಸ್ ಮೋಟಾರ್ ಕಂಟ್ರೋಲರ್ ಮಾಡುತ್ತಿದ್ದೇವೆ. ಫರ್ಮ್‌ವೇರ್ ಓದಿ ಬರೆಯುವ ರಿಜಿಸ್ಟರ್‌ಗಳು (ಚಿಪ್ಪಿನೊಳಗಿನ ಪುಟ್ಟ ಮೆಮೊರಿ ಜಾಗಗಳು) ಸುಮಾರು 40 ಇವೆ. ವೆರಿಲಾಗ್ (ಹಾರ್ಡ್‌ವೇರ್ ವಿವರಿಸುವ ಭಾಷೆ), ಸಿ ಹೆಡರ್, ಡಾಕ್ಯುಮೆಂಟ್ ಮೂರನ್ನೂ ಕೈಯಲ್ಲೇ ತಿದ್ದುವುದರಿಂದ ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಪೈಥಾನ್ ಸ್ಕ್ರಿಪ್ಟ್ ಬರೆದರೆ ಹೇಗೆ? ಯಾವುದಕ್ಕೆ ಎಚ್ಚರ ಬೇಕು?

ಉತ್ತರ: ಖಂಡಿತ ಬರೆಯಿರಿ. ಹೆಸರು, ವಿಳಾಸ, ಬಿಟ್‌ಗಳು, ಓದು-ಬರಹದ ಹಕ್ಕು, ರೀಸೆಟ್ ಬೆಲೆ (ರೀಸೆಟ್ ಆದಾಗ ಇರಬೇಕಾದ ಮೌಲ್ಯ) ಇಷ್ಟನ್ನೂ ಒಂದೇ ಯಾಮಲ್ ಫೈಲಿನಲ್ಲಿಡಿ, ಅದು ಮಾಹಿತಿ ಬರೆದಿಡುವ ಸರಳ ಪಠ್ಯ ರೂಪ. ಜಿಂಜಾ (ಅಚ್ಚಿನಿಂದ ಪಠ್ಯ ತಯಾರಿಸುವ ಪೈಥಾನ್ ಲೈಬ್ರರಿ) ಟೆಂಪ್ಲೇಟ್ ಮೂರು ಸಾಕು, ಒಂದೊಂದು ಔಟ್‌ಪುಟ್‌ಗೆ ಒಂದೊಂದು. ಆದರೆ ಟೆಂಪ್ಲೇಟ್‌ಗಿಂತ ಮೊದಲು ತಪಾಸಣೆಯ ಕೋಡ್ ಬರೆಯಿರಿ: 32 ಬಿಟ್ ಬಸ್ಸಾದರೆ ವಿಳಾಸ 4ರ ಗುಣಕವೇ, ಎರಡು ಫೀಲ್ಡ್‌ಗಳು (ರಿಜಿಸ್ಟರಿನೊಳಗಿನ ಬಿಟ್ ಗುಂಪುಗಳು) ಒಂದರ ಮೇಲೊಂದು ಬಿದ್ದಿವೆಯೇ, ರೀಸೆಟ್ ಬೆಲೆ ಆ ಅಗಲದಲ್ಲಿ ಹಿಡಿಯುತ್ತದೆಯೇ. 4 ಬಿಟ್ ಫೀಲ್ಡಿಗೆ 20 ಕೊಟ್ಟರೆ ವೆರಿಲಾಗ್ ಮೇಲಿನ ಬಿಟ್ ಕತ್ತರಿಸಿ 4 ಎಂದುಕೊಳ್ಳುತ್ತದೆ, ಕೆಲಸ ನಿಲ್ಲುವುದಿಲ್ಲ. ಇನ್ನೊಂದು, ಯಾಮಲ್ ಓದುವ ಪೈಥಾನ್ ಲೈಬ್ರರಿ ಪೈಯಾಮಲ್‌ನಲ್ಲಿ ಫೀಲ್ಡಿನ ಹೆಸರು ‘ಆನ್’ ಅಥವಾ ‘ಆಫ್’ ಇದ್ದರೆ ಅದು ಟ್ರೂ, ಫಾಲ್ಸ್ ಆಗಿಬಿಡುತ್ತದೆ. ಉದ್ಧರಣ ಚಿಹ್ನೆ ಹಾಕಲೇಬೇಕು.

ಉತ್ತರ: ‘1 ಬರೆದರೆ ಅಳಿಯುವ’ ಸ್ಟೇಟಸ್ ಬಿಟ್‌ಗಳ ಟೆಂಪ್ಲೇಟನ್ನು ತುಂಬಾ ಜೋಪಾನವಾಗಿ ಬರೆಯಿರಿ. ಫರ್ಮ್‌ವೇರ್ ಬಿಟ್ ಅಳಿಸುವ ಕ್ಲಾಕಿನಲ್ಲೇ ಹಾರ್ಡ್‌ವೇರ್ ಅದನ್ನು ಸೆಟ್ ಮಾಡಿದರೆ ಸೆಟ್ ಗೆಲ್ಲಬೇಕು. ಇಲ್ಲದಿದ್ದರೆ ಇಂಟರಪ್ಟ್ (ಪ್ರೊಸೆಸರನ್ನು ಎಚ್ಚರಿಸುವ ಸಂಕೇತ) ಯಾವಾಗಲೋ ಒಮ್ಮೆ ಕಳೆದುಹೋಗುತ್ತದೆ, ಹುಡುಕಿದರೆ ಸಿಗುವುದಿಲ್ಲ. ವೆರಿಲಾಗ್‌ನ ಒಂದೇ ಆಲ್ವೇಸ್ ಬ್ಲಾಕಿನಲ್ಲಿ (ಕ್ಲಾಕಿನೊಂದಿಗೆ ಓಡುವ ಕೋಡ್ ತುಂಡು) ಒಂದು ರಿಜಿಸ್ಟರಿಗೆ ಎರಡು ನಾನ್‌ಬ್ಲಾಕಿಂಗ್ ಅಸೈನ್‌ಮೆಂಟ್ (‘<=’ ಬಳಸಿ ಬೆಲೆ ಕೊಡುವ ಸಾಲು) ಬಂದರೆ ಕೊನೆಯದೇ ನಿಲ್ಲುತ್ತದೆ. ಹಾಗಾಗಿ ಅಳಿಸುವ ಸಾಲು ಮೇಲೆ, ಸೆಟ್ ಮಾಡುವ ಸಾಲು ಕೆಳಗೆ. ಟೆಂಪ್ಲೇಟಿನಲ್ಲಿ ಒಮ್ಮೆ ಸರಿ ಮಾಡಿದರೆ ಅಂಥ ಬಿಟ್‌ಗಳೆಲ್ಲವೂ ಸರಿ. ಸ್ಕ್ರಿಪ್ಟಿನ ನಿಜವಾದ ಲಾಭ ಇದೇ, ಟೈಪಿಂಗ್ ಉಳಿಯುವುದಲ್ಲ.

ಉತ್ತರ: ಸ್ಕ್ರಿಪ್ಟಿನಿಂದ ಹುಟ್ಟಿದ ಫೈಲುಗಳನ್ನೂ ಗಿಟ್‌ಗೆ ಹಾಕಿ. ಪೈಥಾನ್ ಇಲ್ಲದವರೂ ಬಿಲ್ಡ್ ಮಾಡಬಹುದು, ಬದಲಾವಣೆ ರಿವ್ಯೂನಲ್ಲಿ ಕಣ್ಣಿಗೆ ಬೀಳುತ್ತದೆ. ಫೈಲಿನ ತಲೆಯಲ್ಲಿ ‘ಕೈಯಲ್ಲಿ ತಿದ್ದಬೇಡಿ’ ಎಂದಿರಲಿ, ತಾರೀಖು ಸಮಯ ಬೇಡ, ಇದ್ದರೆ ಪ್ರತಿ ರನ್‌ಗೂ ಫೈಲ್ ಸುಮ್ಮನೆ ಬದಲಾಗುತ್ತದೆ. ಪೈಥಾನ್‌ನ ‘ಸೆಟ್’ (ಕ್ರಮವಿಲ್ಲದ ಸಂಗ್ರಹ) ಮೇಲೆ ಲೂಪ್ ಓಡಿಸಿದರೆ ಹೆಸರುಗಳ ಕ್ರಮ ರನ್‌ನಿಂದ ರನ್‌ಗೆ ಬದಲಾಗಬಹುದು, ಸಾರ್ಟ್ ಮಾಡಿ. ಸಿಐನಲ್ಲಿ (ಪ್ರತಿ ಬದಲಾವಣೆಗೂ ತಾನಾಗಿ ಓಡುವ ಪರೀಕ್ಷೆ) ಮತ್ತೆ ಜನರೇಟ್ ಮಾಡಿ ಗಿಟ್ ಡಿಫ್ ಖಾಲಿ ಇದೆಯೇ ನೋಡಿ, ವೆರಿಲೇಟರ್ ಲಿಂಟ್ (ಕೋಡಿನ ತಪ್ಪು ಹುಡುಕುವ ತಪಾಸಣೆ) ಓಡಿಸಿ, ಆಮೇಲೆ ವೆರಿಲಾಗನ್ನು ಸರ್ಕ್ಯೂಟಾಗಿ ಬದಲಿಸುವ ಯೋಸಿಸ್. ಘೋಷಿಸದ ಹೆಸರು ತಾನಾಗಿ ವೈರ್ ಆಗದಂತೆ ವೆರಿಲಾಗ್ ಫೈಲಿನ ಮೊದಲಿಗೆ ಡಿಫಾಲ್ಟ್ ನೆಟ್‌ಟೈಪ್ ‘ನನ್’, ಕೊನೆಗೆ ಮತ್ತೆ ‘ವೈರ್’ ಬರೆಸಿ. ಕೊನೆಯ ಸಾಲು ಬಿಟ್ಟರೆ ಅದರ ಪರಿಣಾಮ ಮುಂದಿನ ಫೈಲಿಗೂ ಹರಿಯುತ್ತದೆ.

ಉತ್ತರ: ಒಂದೇ ಥರದ ಚಾನೆಲ್ ನಾಲ್ಕು ಬೇಕಿದ್ದರೆ ಸ್ಕ್ರಿಪ್ಟ್ ಬೇಡ, ವೆರಿಲಾಗ್‌ನಲ್ಲೇ ಇರುವ ಪ್ಯಾರಾಮೀಟರ್, ಜನರೇಟ್ (ಒಂದೇ ಕೋಡನ್ನು ಹಲವು ಸಲ ಹುಟ್ಟಿಸುವ ಸೌಲಭ್ಯ) ಸಾಕು. ಸ್ಟೇಟ್ ಮಷೀನನ್ನು ಟೆಂಪ್ಲೇಟಿಗೆ ತುರುಕಬೇಡಿ, ಓದಲು ಆಗುವುದಿಲ್ಲ. ಅಂಥದ್ದೆಲ್ಲ ಪೈಥಾನ್‌ನಲ್ಲೇ ಬೇಕೆಂದರೆ ಪೈಥಾನ್‌ನಲ್ಲೇ ಹಾರ್ಡ್‌ವೇರ್ ಬರೆಯುವ ಅಮರಂತ್ ನೋಡಿ. ರಿಜಿಸ್ಟರ್‌ಗಳ ನಿಯಮ ಜಟಿಲವಾಗುತ್ತಾ ಹೋದರೆ ಸ್ವಂತ ಯಾಮಲ್ ಬೆಳೆಸುವ ಬದಲು ರಿಜಿಸ್ಟರ್ ವಿವರಿಸಲೆಂದೇ ಇರುವ ಸಿಸ್ಟಂಆರ್‌ಡಿಎಲ್ ಭಾಷೆಯಲ್ಲಿ ಬರೆದು, ಅದರಿಂದ ಕೋಡ್ ಹುಟ್ಟಿಸುವ ಪೀಕ್‌ಆರ್‌ಡಿಎಲ್‌ಗೆ ಕೊಡಿ.